ಸಿಕ್ಕು

ಸಿಸಿಮಿಯುಟ್ ಊರಿನ ಈ ಹಳದಿ ಮನೆಯಲ್ಲಿ
ಭಾನುವಾರ ಅಮ್ಮನ ತಲೆ ಬಾಚುವುದು ನನ್ನ ಪಾಲಿನ ಕೆಲಸ.
ಸಿಗಡಿ ಕಾರ್ಖಾನೆಯ ಮೂವತ್ತೊಂದು ವರ್ಷ
ಅವಳ ಬೆರಳುಗಳನ್ನು ಒಳಕ್ಕೆ ಮಡಚಿಟ್ಟಿದೆ;
ಲೋಟ ಹಿಡಿದಾವು, ಹಣಿಗೆ ಒಲ್ಲವು.

ಹೊರಗೆ ಸರಪಳಿಯ ನಾಯಿಗಳು. ಕೊಲ್ಲಿಯ ಅಂಚಿಗೆ
ಕೆನೆಗಟ್ಟಿದ ಹಾಲಿನ ಹಾಗೆ ಹಿಮ.
ಹನ್ನೊಂದೂವರೆಗೆ ಬಂದ ಬೆಳಕು
ಎರಡಕ್ಕೆಲ್ಲ ಎದ್ದು ಬೂಟು ಹುಡುಕುತ್ತದೆ.

ಕಡಲ ತಳದಲ್ಲಿ ಒಬ್ಬಳಿದ್ದಾಳೆ.
ಇಲ್ಲಿ ಎಲ್ಲರಿಗೂ ಗೊತ್ತು, ಇಗರ್ಜಿಗೆ ತಪ್ಪದೆ ಹೋಗುವವರಿಗೂ.
ಬಿರುಗಾಳಿಗೆ ಹೆದರಿದ ಅಪ್ಪ
ದೋಣಿ ಹಗುರಾಗಲೆಂದು ಮಗಳನ್ನೇ ನೂಕಿದ.
ಅವಳು ಅಂಚು ಹಿಡಿದಳು. ಅವನು ಕತ್ತಿ ಹಿಡಿದ.
ಮೊದಲ ಗೆಣ್ಣು ಉದುರಿ ಸೀಲ್ ಆಯಿತು,
ನಡುವಿನದು ವಾಲ್ರಸ್,
ಬುಡದ್ದು ತಿಮಿಂಗಿಲ.
ನಾವು ಉಂಡದ್ದೆಲ್ಲ ಅವಳ ಕೈಯದೇ.

ಬೆರಳಿಲ್ಲದವಳು ತಲೆ ಬಾಚಿಕೊಳ್ಳುವುದು ಹೇಗೆ?
ಮೇಲೆ ನಾವು ಮಾಡಿ ಮುಚ್ಚಿಟ್ಟದ್ದು
ಕೆಳಗಿಳಿದು ಅವಳ ಕೂದಲಲ್ಲಿ ಕಸವಾಗಿ ಕೂರುತ್ತದೆ.
ಮುನಿದವಳು ಪ್ರಾಣಿಗಳನ್ನೆಲ್ಲ ಕೂಡಿಹಾಕುತ್ತಾಳೆ,
ಮನೆಮನೆಯ ದೀಪದಲ್ಲಿ ಎಣ್ಣೆ ಬತ್ತುತ್ತದೆ.
ಆಗ ಊರಿನ ಪರವಾಗಿ ಒಬ್ಬ
ಉಸಿರು ಬಿಗಿಹಿಡಿದು ಇಳಿಯಬೇಕು,
ಹೊಗಳಲಿಕ್ಕಲ್ಲ, ಬೇಡಲಿಕ್ಕಲ್ಲ,
ಬಾಚಲಿಕ್ಕೆ.

ಆರ್ಹುಸ್‌ನಲ್ಲಿ ಮನಶ್ಶಾಸ್ತ್ರ ಓದುವಾಗ
ಈ ಕತೆಯ ಮೇಲೆ ನಲವತ್ತು ಪುಟ ಬರೆದೆ.
ಕಡಲೆಂದರೆ ಸುಪ್ತಚಿತ್ತ, ಕತ್ತಿಯೆಂದರೆ ಇಂಥದ್ದು,
ದೋಣಿಯೆಂದರೆ ಅಂಥದ್ದು. ಬಾಣ ಎಳೆದ ನಕಾಶೆ ಬೇರೆ.
ಒಳ್ಳೆಯ ಅಂಕ ಬಂತು.
ಮುದುಕಿ ಪ್ರೊಫೆಸರ್ ಕೇಳಿದ್ದು ಒಂದೇ,
ಕೂದಲ ಬಗ್ಗೆ ಏನೂ ಬರೆದಿಲ್ಲವಲ್ಲ?
ಪುಟ ಸಾಲಲಿಲ್ಲ, ಅಂದೆ.

ಈಗ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ನನ್ನ ಕೋಣೆ,
ಮೇಜಿನ ಮೇಲೆ ಕಾಗದದ ಕರವಸ್ತ್ರದ ಡಬ್ಬಿ.
ಬುಧವಾರ ಇನೂಟೆಕ್ ಬರುತ್ತಾನೆ. ಇಪ್ಪತ್ತರ ಹುಡುಗ.
ಟೊಪ್ಪಿ ತೆಗೆಯದೆ ನಲವತ್ತು ನಿಮಿಷ ಕೂತು
ಹೊರಡುವಾಗ, ನಾಳೆ ಗಾಳಿ ಜಾಸ್ತಿಯಂತೆ, ಅನ್ನುತ್ತಾನೆ.
ಬರೆದುಕೊಳ್ಳುತ್ತೇನೆ: ಪ್ರಗತಿ ಇಲ್ಲ.

ಇವತ್ತು ಅಮ್ಮನ ಎಡಗಿವಿಯ ಹಿಂದೆ ಒಂದು ಗಂಟು.
ಜಗ್ಗಿದೆ. ಬುಡದಿಂದಲ್ಲ ಮಾರಾಯ್ತಿ, ತುದಿಯಿಂದ,
ಅಂದಳು. ತುದಿಯಿಂದ ಬಿಡಿಸುತ್ತ ಬಂದೆ.
ಅವಳು ಕಿಟಕಿಗೆ ಹೇಳುವ ಹಾಗೆ ಹೇಳಿದಳು:

ನನಗೆ ಎಂಟು. ಡೇನಿಷ್ ಕಲಿತು ಬರಲಿ ಅಂತ
ಹಡಗು ಹತ್ತಿಸಿದರು. ಒಂದೇ ವರ್ಷ, ಅಂದರು.
ಅಪ್ಪನ ಕೋಟು ಹಿಡಿದಿದ್ದೆ.
ಅವನು ಬೈಯಲಿಲ್ಲ, ಹೊಡೆಯಲಿಲ್ಲ.
ಒಂದೊಂದೇ ಬೆರಳು ಬಿಡಿಸಿದ.
ಕಿರುಬೆರಳು ಕೊನೆಗೆ.
ತಿರುಗಿ ಬಂದಾಗ ಅವನ ಮಾತು ನನಗೆ ತಿಳಿಯದು,
ನನ್ನದು ಅವನಿಗೆ.
ಆಮೇಲೆ ಮಾತೇನೋ ಬಂತು.
ಅವನ ಜೊತೆ ಆಡಲಿಲ್ಲ.

ಹಡಗಿನ ಸುದ್ದಿ ನನಗೆ ಗೊತ್ತಿತ್ತು.
ಕಿರುಬೆರಳು ಗೊತ್ತಿರಲಿಲ್ಲ.
ಸಿಗಡಿಯ ಚಳಿಗೆ ಮುರುಟಿದ ಬೆರಳೋ ಇವು,
ಇನ್ನೂ ಕೋಟು ಹಿಡಿದೇ ಇರುವ ಬೆರಳೋ?
ಓದಿದವಳಲ್ಲವೆ, ನಾಲಗೆಯ ತುದಿಗೆ ಬಂತು
ಅಪ್ಪ, ಕತ್ತಿ, ಕಡಲು.
ಉಗುಳು ನುಂಗಿ
ಹಣಿಗೆ ಆಡಿಸಿದೆ.
ಅರವತ್ತು ವರ್ಷ ಸಿಕ್ಕಿಬಿದ್ದದ್ದು
ಕೈಗೆ ಸಿಕ್ಕಿದ್ದು ಇಷ್ಟೇ:
ಮೂರು ಬಿಳಿ ಎಳೆ, ಒಂದು ಕರಿದು.

ಜಡೆ ಹೆಣೆದೆ. ಕನ್ನಡಿ ಬೇಡ, ಅಂದಳು.
ಸಾರು ಬಿಸಿಗಿಡು, ಹಸಿವು.

ಬುಧವಾರ. ನಲವತ್ತು ನಿಮಿಷ. ಟೊಪ್ಪಿ.
ನಾಳೆ ಗಾಳಿ ಜಾಸ್ತಿಯಂತೆ, ಅಂದ ಹುಡುಗ ಏಳುತ್ತ.
ಯಾವ ಕಡೆಯ ಗಾಳಿ, ಅಂದೆ.
ಬಾಗಿಲ ಹಿಡಿಯ ಮೇಲೆ ಕೈಯಿಟ್ಟವನು
ಅಲ್ಲೇ ನಿಂತ.